ಅಂಜನಮೂರ್ತಿಯ ಭಾನುವಾರಗಳು

ಜೋಗುಪಾಳ್ಯದ ಅಂಜನಮೂರ್ತಿ ಎಂಥ ಸಣಕಲ ಎಂದರೆ, ಅಂಗಿ ಬಿಚ್ಚಿ ಅಂಗಾತ ಮಲಗಿದರೆ ಹೊಕ್ಕುಳಿನ ಮೇಲೆ ನಾಡಿ ಮಿಡಿಯುವುದು ಬರಿಗಣ್ಣಿಗೇ ಕಾಣುತ್ತಿತ್ತು. ಆ ಸಣಕಲುತನವೇ ಐವತ್ತೆರಡನೇ ವಯಸ್ಸಿನಲ್ಲಿ ಅವನಿಗೆ ಹೊಸದೊಂದು ಕೆಲಸ ತಂದುಕೊಟ್ಟಿತು.

ಬೆನ್ಸನ್ ಟೌನಿನ ಹಳೇ ಬಂಗಲೆಯೊಂದರಲ್ಲಿದ್ದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವನು ಅಟೆಂಡರ್. ಬಂದವರ ಹೆಸರು ಕೂಗುವುದು, ನೀರು ಕುಡಿಸಿ ಕೂರಿಸುವುದು, ಸ್ಕ್ಯಾನ್ ಆದಮೇಲೆ ಹೊಟ್ಟೆಯ ಜೆಲ್ಲಿ ಒರೆಸಿಕೊಳ್ಳಲು ಬಟ್ಟೆ ಕೊಡುವುದು. ಸೆಂಟರ್ ನಡೆಸುತ್ತಿದ್ದವರು ಡಾಕ್ಟರ್ ಉಮ್ಮೆ ಕುಲ್ಸುಂ. ತೊಂಬತ್ತೈದನೇ ಇಸವಿಯಲ್ಲಿ ಅವರು ಭಾನುವಾರ ಬೆಳಿಗ್ಗೆ ಎಳೆ ಡಾಕ್ಟರುಗಳಿಗೆ ಸ್ಕ್ಯಾನ್ ಮಾಡುವುದನ್ನು ಕಲಿಸಲು ಶುರುಮಾಡಿದರು. ಮೊದಲ ದಿನ ಹುಡುಗರಲ್ಲೇ ಒಬ್ಬ ಮಲಗಿದ. ಅವನ ಹೊಟ್ಟೆ ತುಂಬ ಗಾಳಿ. ಪರದೆಯ ಮೇಲೆ ಬರೀ ಮಂಜು. ಮೇಡಂ ಬೇಸತ್ತು ಬಾಗಿಲ ಕಡೆ ನೋಡಿದರು.

"ಮೂರ್ತಿ, ಬೆಳಿಗ್ಗೆ ಏನಾದ್ರೂ ತಿಂದಿದ್ದೀರಾ?"

"ಇಲ್ಲ ಮೇಡಂ. ಒಂದು ಬೀಡಿ ಅಷ್ಟೇ."

"ಹಾಗಾದ್ರೆ ಬನ್ನಿ, ಮಲಗಿ."

ತಣ್ಣನೆಯ ಜೆಲ್ಲಿ ಬಿತ್ತು. ಮೇಡಂ ಸ್ಕ್ಯಾನ್ ಮಾಡುವ ಪ್ರೋಬನ್ನು ಪಕ್ಕೆಲುಬಿನ ಕೆಳಗೆ ಊರಿದರು. ಹುಡುಗರೆಲ್ಲ ಒಟ್ಟಿಗೆ ಬಗ್ಗಿ ನೋಡಿದರು. "ಅರೆ ವ್ಹಾ, ಪುಸ್ತಕದಲ್ಲಿದ್ದ ಹಾಗೇ ಇದೆ," ಎಂದರು ಮೇಡಂ. ತನ್ನಲ್ಲಿರುವ ಯಾವುದನ್ನಾದರೂ ಒಬ್ಬರು ಹಾಗೆ ಹೊಗಳಿದ್ದು ಅಂಜನಮೂರ್ತಿಗೆ ನೆನಪಿರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಖಾಲಿ ಹೊಟ್ಟೆಯಲ್ಲಿ ಬಂದು ಮಲಗುವುದು ಅವನ ಪಾಲಿಗೆ ಬಂತು. ಕತ್ತು ತಿರುಗಿಸಿದರೆ ಪರದೆ ಅವನಿಗೂ ಕಾಣುತ್ತಿತ್ತು. ಬೆನ್ನುಮೂಳೆ ಬಿಳಿಯ ಕಮಾನಿನಂತೆ. ಅದರ ಮುಂದೆ, ಅವನ ಎಡಕ್ಕೆ, ಡವಡವ ಎಂದು ಹಿಗ್ಗುವ ಕಪ್ಪು ಗುಂಡು. ಅದೇ ಅಯೋರ್ಟಾ, ಹೃದಯದಿಂದ ಹೊಟ್ಟೆಗೆ ಇಳಿದು ಬರುವ ದೊಡ್ಡ ರಕ್ತನಾಳ. ಬಲಕ್ಕೆ ಚಪ್ಪಟೆಯಾಗಿ ಮಲಗಿದ್ದು ರಕ್ತವನ್ನು ಮೇಲಕ್ಕೆ ಒಯ್ಯುವ ದೊಡ್ಡ ಸಿರೆ. "ಎರಡನ್ನೂ ಅದಲುಬದಲು ಮಾಡ್ಕೋಬೇಡಿ," ಎನ್ನುತ್ತಿದ್ದರು ಮೇಡಂ. "ಇದು ಹೊಡ್ಕೊಳ್ಳುತ್ತೆ, ಅದು ಉಸಿರಾಡುತ್ತೆ. ಮೂರ್ತಿ, ಮೂಗಲ್ಲಿ ಜೋರಾಗಿ ಎಳ್ಕೊಳ್ಳಿ." ಅವನು ಸೊರ್ರೆಂದು ಎಳೆದ ಕೂಡಲೇ ಸಿರೆ ಮುಚ್ಚಿಕೊಳ್ಳುತ್ತಿತ್ತು. ಎಷ್ಟು ಹೊತ್ತು ಉಸಿರು ಹಿಡಿಯಬೇಕು, ಹೊಟ್ಟೆಯನ್ನು ಹೇಗೆ ಸಡಿಲ ಬಿಡಬೇಕು, ಎಲ್ಲ ಅವನಿಗೆ ಕರಗತವಾಯಿತು.

ಬಣ್ಣ ತೋರಿಸುವ ಹೊಸ ಮಷಿನ್ ಬಂದಮೇಲೆ ಇನ್ನೊಂದು ಪಾಠ ಸೇರಿಕೊಂಡಿತು. ಹಸಿದಿರುವಾಗ ಕರುಳಿಗೆ ಹೋಗುವ ನಾಳದಲ್ಲಿ ರಕ್ತದ ಓಟ ನೋಡುವುದು, ಆಮೇಲೆ ಅವನಿಗೆ ಎರಡು ಪ್ಲೇಟ್ ಖಾರಾಬಾತ್ ತಿನ್ನಿಸಿ ಮುಕ್ಕಾಲು ಗಂಟೆ ಬಿಟ್ಟು ಮತ್ತೆ ನೋಡುವುದು. ಉಂಡ ಕರುಳಿಗೆ ರಕ್ತ ಧಾರಾಳವಾಗಿ ಹರಿಯುವುದು ಆಗ ಗೆರೆಗಳಲ್ಲಿ ಕಾಣುತ್ತದೆ. ಆ ಮುಕ್ಕಾಲು ಗಂಟೆ ಡಾಕ್ಟರುಗಳು ಒಳಗೆ ಟೀ ಕುಡಿಯುತ್ತಾ ನಗುತ್ತಿದ್ದರು. ಅಂಜನಮೂರ್ತಿ ವರಾಂಡದ ಬೆಂಚಿನಲ್ಲಿ ಕೂತು, ತಿಂದದ್ದು ಕರುಳು ತಲುಪಲಿ ಎಂದು ಕಾಯುತ್ತಿದ್ದ.

ಅವನ ಹೊಟ್ಟೆಯನ್ನು ಅಷ್ಟು ಜನ ಬಲ್ಲರು. ಅವನ ಮನೆ ಯಾವ ಬೀದಿಯಲ್ಲಿದೆ ಎಂದು ಬಲ್ಲವರಿಲ್ಲ. ಜೋಗುಪಾಳ್ಯದ ಒಂದು ಕೋಣೆಯ ಮನೆಯಲ್ಲಿ ಅವನೊಬ್ಬನೇ. ಅವ್ವ ಹಾಸಿಗೆ ಹಿಡಿದ ಒಂಬತ್ತು ವರ್ಷ ಅವಳನ್ನು ನೋಡಿಕೊಳ್ಳುವುದರಲ್ಲೇ ಮದುವೆಯ ವಯಸ್ಸು ಜಾರಿತ್ತು. ಎಂಬತ್ತೇಳನೇ ಇಸವಿಯಲ್ಲಿ ಅವ್ವ ಹೋದಳು. ಆ ಹೊತ್ತಿಗೆ ಅಂಜನಮೂರ್ತಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ. ತಲೆ ಬೋಳಿಸುವುದಿಲ್ಲ, ಹನ್ನೊಂದನೇ ದಿನದ ಕರ್ಮಕ್ಕೆ ಕೂರುವುದಿಲ್ಲ ಎಂದ. ಅಣ್ಣ ಚಂದ್ರಾಮಪ್ಪ ನೆಂಟರೆದುರೇ, "ಹಂಗಾದ್ರೆ ನೀನು ಅವ್ಳ ಮಗನೇ ಅಲ್ಲ, ಹೋಗು," ಎಂದುಬಿಟ್ಟ. ಅಂಜನಮೂರ್ತಿ ಎದ್ದು ಬಂದ. ಅಣ್ಣನ ಮನೆ ಇದ್ದದ್ದು ಟಿನ್ ಫ್ಯಾಕ್ಟರಿಯ ಹಿಂದೆ, ಒಂದೇ ಬಸ್ಸಿನ ದಾರಿ. ಹದಿನಾರು ವರ್ಷ ಅವನು ಆ ಬಸ್ಸು ಹತ್ತಲಿಲ್ಲ.

ಹಾಗಾಗಿ ವಾರದಲ್ಲಿ ಇನ್ನೊಬ್ಬರ ಕೈ ಅವನ ಮೈಗೆ ತಾಗುತ್ತಿದ್ದದ್ದು ಭಾನುವಾರ ಮಾತ್ರ. ಕೆಲವರು ಮರದ ಹಲಗೆ ಒತ್ತಿದ ಹಾಗೆ ಒತ್ತುತ್ತಿದ್ದರು. ಹಂಸ ಎಂಬ ಹುಡುಗಿ ಡಾಕ್ಟರ್ ಮಾತ್ರ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, "ಒತ್ತಲಾ ಅಂಕಲ್?" ಎಂದು ಕೇಳಿಯೇ ಮುಟ್ಟುತ್ತಿದ್ದಳು. ಅವಳು ಕೋರ್ಸ್ ಮುಗಿಸಿ ಹೋದಮೇಲೆ ಎಷ್ಟೋ ವಾರ ಅವನು ಬಾಗಿಲ ಕಡೆ ನೋಡಿದ.

ಎರಡು ಸಾವಿರದ ಮೂರರ ಜುಲೈ. ಅವನಿಗಾಗ ಅರವತ್ತು. ಅಂದು ಪ್ರೋಬ್ ಹಿಡಿದವನು ಶ್ರೀನಾಥ್ ಎಂಬ ಹೊಸ ಹುಡುಗ.

"ಮೇಡಂ, ಅಯೋರ್ಟಾ ಮೂರು ಪಾಯಿಂಟ್ ಆರು ಬರ್ತಿದೆ."

ಉಳಿದವರು ನಕ್ಕರು. ಅಂಜನಮೂರ್ತಿಯದು ಎರಡು ಸೆಂಟಿಮೀಟರ್ ಎಂಬುದು ತರಗತಿಗೇ ಗೊತ್ತು; ಹಾಗಾಗಿ ವರ್ಷಗಳಿಂದ ಯಾರೂ ಅದನ್ನು ಅಳೆಯುವ ಗೋಜಿಗೆ ಹೋಗಿರಲಿಲ್ಲ. "ಓರೆಯಾಗಿ ಅಳೆದಿದ್ದೀಯ," ಎಂದರು ಮೇಡಂ. "ಸೌತೇಕಾಯಿನ ಓರೆಯಾಗಿ ಕೊಯ್ದ್ರೆ ಬಿಲ್ಲೆ ದೊಡ್ಡದಾಗೇ ಬರುತ್ತೆ. ಕೊಡು ಇಲ್ಲಿ." ನಾಳಕ್ಕೆ ನೇರ ಅಡ್ಡವಾಗಿ ಪ್ರೋಬ್ ತಿರುಗಿಸಿ, ಹೊರಗೋಡೆಯಿಂದ ಹೊರಗೋಡೆಗೆ ಅಳೆದರು. ಮತ್ತೊಮ್ಮೆ ಅಳೆದರು.  ಅಂಜನಮೂರ್ತಿ ಕತ್ತು ತಿರುಗಿಸಿದ. ಹೊಕ್ಕುಳಿಗೆ ಸ್ವಲ್ಪ ಮೇಲೆ, ಕೆಳಕ್ಕೆ ಹೋದಂತೆ ಸಪೂರವಾಗಬೇಕಾದ ನಾಳ ಅಲ್ಲೇ ಉಬ್ಬಿತ್ತು. ಮೂರು ಪಾಯಿಂಟ್ ಮೂರು.

ಮೇಡಂ ಎಲ್ಲರನ್ನೂ ಹೊರಗೆ ಕಳಿಸಿ, ತಾವೇ ಅವನ ಹೊಟ್ಟೆ ಒರೆಸಿದರು.

"ನಿಮಗೆ ನಾನು ಹೇಳಿಕೊಡೋದೇನಿದೆ ಮೂರ್ತಿ. ಮೂರು ದಾಟಿದೆ, ಊದ್ತಾ ಹೋದ್ರೆ ಒಂದು ದಿನ ಒಡೀಬಹುದು. ಈಗ ಭಯ ಇಲ್ಲ, ಐದೂವರೆವರೆಗೆ ಆಪರೇಷನ್ ಮಾತಿಲ್ಲ. ವರ್ಷಕ್ಕೊಂದ್ಸಲ ನೋಡ್ತೀನಿ. ಬೀಡಿ ಬಿಡ್ಬೇಕು, ಬಿಪಿ ನೋಡಿಸ್ಬೇಕು."

"ಆಯ್ತು ಮೇಡಂ. ಮುಂದಿನ ವಾರ ಹೊಸ ಬ್ಯಾಚ್ ಅಲ್ವಾ, ಎಷ್ಟೊತ್ತಿಗೆ ಬರ್ಲಿ?"

"ಇಲ್ಲ ಮೂರ್ತಿ. ಇನ್ಮೇಲೆ ನೀವು ಪೇಷಂಟು. ಹತ್ತು ಜನ ನಿಮ್ಮ ಹೊಟ್ಟೆ ಒತ್ತೋದು ಬೇಡ."

ಕಾಯಿಲೆಯ ಮಾತಿಗಿಂತ ಈ ಮಾತು ಅವನಿಗೆ ಹೆಚ್ಚು ನಾಟಿತು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಮೇಡಂ ಕೇಳಿದರು: "ಅಣ್ಣತಮ್ಮಂದಿರು ಯಾರಾದ್ರೂ ಇದ್ದಾರಾ? ಇದು ಮನೆತನದಲ್ಲಿ ಬರೋದುಂಟು. ಅವರಿಗೂ ನೋಡಿಸ್ಬೇಕು."

ಅವನು ಕೊನೆಯ ಗುಂಡಿಯನ್ನೂ ಹಾಕಿ ಮುಗಿಸಿದ. "ಒಬ್ಬ ಅಣ್ಣ ಇದ್ದಾನೆ," ಎಂದ.

ಮುಂದಿನ ಭಾನುವಾರ ಬೆಳಿಗ್ಗೆ ಅವನು ಟಿನ್ ಫ್ಯಾಕ್ಟರಿಯಲ್ಲಿ ಇಳಿದ. ಹೊಸ ಸೇತುವೆಯ ಕೇಬಲ್ಲುಗಳು ಎದ್ದು ನಿಂತು ಜಾಗವೇ ಗುರುತು ಸಿಗದ ಹಾಗಾಗಿತ್ತು. ಎರಡು ಕಡೆ ಕೇಳಿ ಮನೆ ಹುಡುಕಿದ. ಬಾಗಿಲು ತೆರೆದವಳು ಅತ್ತಿಗೆ ಗೋವಿಂದಮ್ಮ. "ಅಂಜನ!" ಎಂದವಳು ಒಳಗೆ ಕರೆಯಬೇಕೋ ಬೇಡವೋ ತಿಳಿಯದೆ ಹಿಂದಕ್ಕೆ ತಿರುಗಿ ನೋಡಿದಳು. ಚಂದ್ರಾಮಪ್ಪ ಕುರ್ಚಿಯಲ್ಲಿ ದಿಂಬಿಗೆ ಒರಗಿದ್ದ. ಸೊಂಟಕ್ಕೆ ಬಿಸಿನೀರಿನ ಚೀಲ.

"ಏನು ಬಂದಿದ್ದು?" ಎಂದ ಅಣ್ಣ.

ಅಂಜನಮೂರ್ತಿ ನಿಂತೇ ಹೇಳಿದ. ನಾಳ, ಉಬ್ಬು, ಅಳತೆ, ಮನೆತನ. ಪಾಠ ಒಪ್ಪಿಸಿದ ಹಾಗಿತ್ತು. ಅಣ್ಣ ಮುಖ ತಿರುಗಿಸಿದ. "ನಂಗೇನೂ ಆಗಿಲ್ಲ. ಸೊಂಟ ನೋವು ಅಷ್ಟೇ. ಫ್ಯಾಕ್ಟ್ರೀಲಿ ಮೂವತ್ತು ವರ್ಷ ಭಾರ ಎತ್ತಿದ್ದು."

ಗೋವಿಂದಮ್ಮ ನಡುವೆ ಬಾಯಿ ಹಾಕಿದಳು. "ಎರಡು ತಿಂಗ್ಳಾಯ್ತು ಅಂಜನ. ಮಲಗಿದ್ರೆ ಹೊಟ್ಟೇಲಿ ಏನೋ ಕುಣಿಯುತ್ತೆ ಅಂತಾರೆ. ಕೈಯಿಟ್ಟು ನೋಡು ಬೇಕಾದ್ರೆ."

ಅವನು ಕೈಯಿಡಲಿಲ್ಲ. ಬನಿಯನ್ನಿನ ಮೇಲಿಂದಲೇ ಆ ಮಿಡಿತ ಅವನಿಗೆ ಕಾಣುತ್ತಿತ್ತು. "ಇವತ್ತೇ ಹೊರಡು ಅಣ್ಣ," ಎಂದ. ಆ ದನಿಯಲ್ಲಿ ಏನಿತ್ತೋ, ಚಂದ್ರಾಮಪ್ಪ ಅಂಗಿ ಕೇಳಿದ.

ಮೇಡಂ ತರಗತಿ ನಿಲ್ಲಿಸಿ ಅಣ್ಣನನ್ನು ಮಲಗಿಸಿದರು. ಅಂಜನಮೂರ್ತಿ ಹಾಸಿಗೆಯ ತಲೆ ಕಡೆ ನಿಂತ. ಪರದೆಯ ಮೇಲೆ ಬಂದದ್ದನ್ನು ಯಾರೂ ಅವನಿಗೆ ವಿವರಿಸಬೇಕಾಗಿರಲಿಲ್ಲ. ನಾಳ ಕಿತ್ತಳೆ ಹಣ್ಣಿನ ಗಾತ್ರಕ್ಕೆ ಊದಿತ್ತು. ಒಳಗೋಡೆಯ ಉದ್ದಕ್ಕೂ ಹೆಪ್ಪುಗಟ್ಟಿದ ರಕ್ತ ಬೂದುಬಣ್ಣದಲ್ಲಿ ಮೆತ್ತಿತ್ತು. ಆರು ಪಾಯಿಂಟ್ ಎಂಟು.

"ಏನೋ ಕಾಣ್ತೈತೆ?" ಎಂದು ಕೇಳಿದ ಅಣ್ಣ, ಮೇಲಕ್ಕೆ ಕಣ್ಣು ಹೊರಳಿಸಿ.

"ಮೇಡಂ ಹೇಳ್ತಾರೆ, ಅಲ್ಲಾಡ್ಬೇಡ," ಎಂದು ಅಂಜನಮೂರ್ತಿ ಅಣ್ಣನ ಭುಜ ಹಿಡಿದುಕೊಂಡ.

ಅಂದು ಮಧ್ಯಾಹ್ನವೇ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮಾರನೇ ದಿನದ ಆಪರೇಷನ್ ಆರು ಗಂಟೆ ಹಿಡಿಯಿತು. ಊದಿದ ಭಾಗದಲ್ಲಿ ಬಟ್ಟೆಯ ಕೊಳವೆ ಹೊಲಿದರು. ಇನ್ನೊಂದು ವಾರ ಬಿಟ್ಟಿದ್ದರೆ ಒಡೆದೇ ಹೋಗುತ್ತಿತ್ತು ಎಂದು ಸರ್ಜನ್ ಗೋವಿಂದಮ್ಮನಿಗೆ ಹೇಳಿದರು. ಹನ್ನೆರಡು ದಿನದ ಮೇಲೆ ಅಣ್ಣ ಮನೆಗೆ ಹೋದ. ಆಟೋ ಹತ್ತುವಾಗ, "ಭಾನುವಾರ ಬಾ," ಎಂದ. 

ಭಾನುವಾರಗಳು ಹೇಗೂ ಖಾಲಿಯಿದ್ದವು. ಅಂಜನಮೂರ್ತಿ ಹೋದ. ಹದಿನಾರು ವರ್ಷ ಮಾತಾಡದವರಿಗೆ ಮಾತು ಎಲ್ಲಿಂದ ಬರಬೇಕು? ಇಬ್ಬರೂ ಟೀವಿ ನೋಡುತ್ತಿದ್ದರು. ಅಣ್ಣ ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಅತ್ತಿಗೆ ಕಾಫಿ ಕೊಡುತ್ತಿದ್ದಳು. ಕೋಣೆಯಲ್ಲಿ ಒಬ್ಬನೇ ಇರುವುದಕ್ಕಿಂತ ಅಲ್ಲಿ ಕೂತಿರುವುದೇ ಒಮ್ಮೊಮ್ಮೆ ಅವನಿಗೆ ಹೆಚ್ಚು ಒಂಟಿ ಅನ್ನಿಸುತ್ತಿತ್ತು. ಆದರೂ ಹೋಗುತ್ತಿದ್ದ.

ಮರುವರ್ಷ ಮೇಡಂ ಸೆಂಟರನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಹೈದರಾಬಾದಿಗೆ, ಮಗಳ ಮನೆಗೆ ಹೊರಟುಹೋದರು. ಅಂಜನಮೂರ್ತಿಯೂ ಕೆಲಸ ಬಿಟ್ಟ. ವರ್ಷದ ಸ್ಕ್ಯಾನಿಗೆ ಟೋಕನ್ ಹಿಡಿದು ಎಲ್ಲರಂತೆ ಸಾಲಿನಲ್ಲಿ ಕೂತ. ಒಳಗಿದ್ದ ಹೊಸ ಡಾಕ್ಟರ್ ಎಳೆಯವನು, ಒಳ್ಳೆಯವನು. "ನೋಡಿ ಯಜಮಾನ್ರೇ, ಇದು ಅಯೋರ್ಟಾ ಅಂತ, ದೊಡ್ಡ ರಕ್ತನಾಳ," ಎಂದು ಬೆರಳಿಟ್ಟು ತೋರಿಸಿದ. "ಹೌದಾ ಸಾರ್," ಎಂದ ಅಂಜನಮೂರ್ತಿ. ಅಳತೆ ಮೂರು ಪಾಯಿಂಟ್ ನಾಲ್ಕು.

ಡಾಕ್ಟರ್ ತನಗೇ ಅಯೋರ್ಟಾ ತೋರಿಸಿದ್ದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿತು. ಭಾನುವಾರ ಅಣ್ಣನಿಗೆ ಹೇಳಿದ. ಚಂದ್ರಾಮಪ್ಪ ಹೊಲಿಗೆ ಹಾಕಿದ್ದ ಜಾಗ ಹಿಡಿದುಕೊಂಡು ನಕ್ಕ. "ಎಂಟು ವರ್ಷ ಡಾಕ್ಟ್ರುಗೋಳಿಗೆಲ್ಲ ಪಾಠ ಆದೋನಿಗೇ ಪಾಠ ಹೇಳ್ದ್ನಾ!" ನಗು ಇಳಿದಮೇಲೆ, ಟೀವಿ ಕಡೆ ನೋಡುತ್ತಲೇ ಕೇಳಿದ:

"ಅವ್ವ ಕೊನೇಗೆ ಏನಂದ್ಲು?"

ಈ ಪ್ರಶ್ನೆಯನ್ನು ಅಂಜನಮೂರ್ತಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಅವ್ವನ ಪಕ್ಕದಲ್ಲಿ ಅವನಿದ್ದ ಎಂದೇ ಎಲ್ಲರೂ ತಿಳಿದಿದ್ದರು.

"ಏನೂ ಅನ್ಲಿಲ್ಲ ಅಣ್ಣ. ನಾನು ಹಾಲು ತರೋಕೆ ಹೋಗಿದ್ದೆ. ಅಂಗಡಿಯೋನ ಹತ್ರ ಮಾತಾಡ್ತಾ ನಿಂತ್ಬಿಟ್ಟೆ. ಬರೋ ಅಷ್ಟ್ರಲ್ಲಿ ಮುಗ್ದಿತ್ತು."

"ಅಂದ್ರೆ ಒಬ್ಳೇ ಇದ್ಲಾ?"

"ಒಬ್ಳೇ."

ಚಂದ್ರಾಮಪ್ಪ ಟೀವಿಯ ದನಿ ಏರಿಸಿದ. ಕಾಫಿ ಆರಿತು. ಅಂಜನಮೂರ್ತಿ ಚಪ್ಪಲಿ ಮೆಟ್ಟಿ ಹೊರಟಾಗ ಅಣ್ಣ ತಲೆ ಎತ್ತಲಿಲ್ಲ. ಮುಂದಿನ ಭಾನುವಾರ ಹೋಗಲು ಅವನಿಗೆ ಧೈರ್ಯ ಬರಲಿಲ್ಲ. ದಿನವಿಡೀ ಕೋಣೆಯಲ್ಲೇ ಗೋಡೆ ನೋಡುತ್ತಾ ಬಿದ್ದುಕೊಂಡಿದ್ದ. ಅದರ ಮುಂದಿನ ಭಾನುವಾರ ತಡೆಯಲಾರದೆ ಬಸ್ಸು ಹತ್ತಿದ.

ಅಣ್ಣ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ.

"ಹೋದ್ವಾರ ಯಾಕ್ ಬರ್ಲಿಲ್ಲ?"

"ಬಸ್ ಸಿಗ್ಲಿಲ್ಲ."

ಟಿನ್ ಫ್ಯಾಕ್ಟರಿಗೆ ಎರಡು ನಿಮಿಷಕ್ಕೊಂದು ಬಸ್ಸು. ಚಂದ್ರಾಮಪ್ಪ ತಮ್ಮನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಒಳಗಿದ್ದ ಹೆಂಡತಿಗೆ ಇನ್ನೊಂದು ಕುರ್ಚಿ ತರಲು ಹೇಳಿದ.