ಪಟ್ಟಿಯಲ್ಲಿ ಜಾಗವಿಲ್ಲದ ನಂಬರು

ಕಿವಿ ಕೇಳಿಸದವರಿಗೆ ಫೋನ್ ಮಾಡುವುದೇ ನನ್ನ ಉದ್ಯೋಗ ಅಂದರೆ ಯಾರಾದರೂ ನಗುತ್ತಾರೆ. ಯಲಹಂಕದ ಆ ಅಂಗಡಿಯಲ್ಲಿ ಒಂಬತ್ತು ವರ್ಷ ಅದನ್ನೇ ಮಾಡಿದೆ, ನನಗಂತೂ ನಗು ಬರಲಿಲ್ಲ. ಕಿವಿಗೆ ಹಾಕುವ ಮಷೀನು ಮಾರುವ, ಕೆಟ್ಟರೆ ಕಂಪನಿಗೆ ಕಳಿಸಿ ರಿಪೇರಿ ಮಾಡಿಸಿಕೊಡುವ ಅಂಗಡಿ ಅದು. ಯಶವಂತಪುರದಲ್ಲಿ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಇಳಿದು ಇನ್ನೊಂದು ಹಿಡಿದು, ಬಂದು ಕುರ್ಚಿಗೆ ಬೀಳುವ ಹೊತ್ತಿಗೇ ಅರ್ಧ ಜೀವ ಹೋಗಿರುತ್ತಿತ್ತು.

ಮೊದಲು ನಮ್ಮಲ್ಲಿ ಉದ್ದನೆಯ ನೋಟ್‌ಬುಕ್ಕಿತ್ತು. ಗಿರಾಕಿಯ ಹೆಸರಿನ ಪಕ್ಕ ‘ಮಗಳಿಗೆ ಮಾಡಿ’, ‘ಎದುರು ಮನೆಯವರಿಗೆ ಹೇಳಿ’ ಅಂತ ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದೆವು. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಆದ ಹೊಸತರಲ್ಲಿ ನಮ್ಮ ಓನರಿಗೆ ಸಾಫ್ಟ್‌ವೇರ್ ಹುಚ್ಚು ಹತ್ತಿತು. ನೋಟ್‌ಬುಕ್ಕಿನಲ್ಲಿದ್ದುದನ್ನೆಲ್ಲ ನಾನೇ ಕೂತು ಕಂಪ್ಯೂಟರಿಗೆ ತುಂಬಿದೆ. ಒಬ್ಬೊಬ್ಬರಿಗೆ ನಲವತ್ತು ಖಾನೆ, ದೇವರೇ! ಬೇಕಾದಾಗ ಕ್ವೆರಿ ಹಾಕಬೇಕು, ಅಂದರೆ ಕಂಪ್ಯೂಟರಿಗೆ ಒಂದು ಪ್ರಶ್ನೆ ಕೇಳಬೇಕು: ಯಾರ ಮಷೀನು ರಿಪೇರಿಯಾಗಿ ಬಂದಿದೆ? ಅದು ಪಟ್ಟಿ ಕೊಡುತ್ತದೆ. ನಲವತ್ತರಲ್ಲಿ ಯಾವ ಖಾನೆ ಪಟ್ಟಿಯಲ್ಲಿ ಕಾಣಬೇಕು, ಯಾವುದು ಬೇಡ ಅಂತ ಒಮ್ಮೆ ಟಿಕ್ ಹಾಕಿಟ್ಟರೆ ಮುಂದೆ ದಿನವೂ ಅದೇ.

ಟಿಕ್ ಹಾಕುವ ದಿನ ಓನರ್ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. “ಒಂದೇ ಹಾಳೆ ಅಗಲಕ್ಕೆ ಬರ್ಬೇಕು ನೋಡಮ್ಮ. ಎಂಟು ಕಾಲಮ್ ಮೇಲೆ ಹೋಗ್ಬಾರ್ದು,” ಅಂದರು. ಹೆಸರು, ಊರು, ಮೊಬೈಲ್, ಮಾಡೆಲ್, ರಿಪೇರಿಯಾಗಿ ಬಂದ ದಿನ ಅಂತ ಐದು ನಾನು ಹಾಕಿದೆ. ವಾರಂಟಿ ಮುಗಿಯುವ ದಿನ, ಹುಟ್ಟಿದ ದಿನ ಅವರು ಹಾಕಿಸಿದರು. ಫೋನ್ ಮಾಡಿದಾಗಲೇ ಹೊಸ ಮಷೀನಿನ ಮಾತನ್ನೂ ಎತ್ತಬಹುದಲ್ಲ! ಎಂಟನೆಯದಕ್ಕೆ ನಾನು ‘ಯಾರನ್ನು ಸಂಪರ್ಕಿಸಬೇಕು’ ಅನ್ನುವ ಖಾನೆಗೆ ಟಿಕ್ ಹಾಕಿದೆ. ಕೆಂಪು ಶಾಯಿಯ ಮಗಳು, ಸೊಸೆ, ಎದುರು ಮನೆಯವರು ಎಲ್ಲ ಇದ್ದದ್ದು ಅಲ್ಲೇ.

“ಅದ್ ತೆಗಿ. ಎಷ್ಟ್ ವರ್ಷದ ಕಸ್ಟಮರ್ ಅನ್ನೋದ್ ಹಾಕು.”

“ಸಾರ್, ಮಷೀನ್ ನಮ್ಮತ್ರ ಇರುತ್ತೆ. ಅವ್ರಿಗೆ ಫೋನ್ ರಿಂಗಾಗಿದ್ದು ಹೆಂಗ್ ಕೇಳ್ಸುತ್ತೆ?”

“ಮನೇಲಿ ಯಾರಾದ್ರೂ ಎತ್ತುತಾರೆ ಬಿಡಮ್ಮ.”

ಅವರಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ. ಆದರೂ ಇನ್ನೊಂದು ಸಲ ಹೇಳಬಹುದಿತ್ತು. ಹೇಳಲಿಲ್ಲ. ಬೆನ್ನು ನೋಯುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು. ಸಾಕಪ್ಪಾ ಸಾಕು, ಏನಾದರೂ ಮಾಡಿಕೊಳ್ಳಲಿ ಅಂತ ಆ ಟಿಕ್ ತೆಗೆದೆ. ತೆಗೆದದ್ದು ನನ್ನ ಕೈ.

ಕೆಲವು ವಾರಗಳ ಮೇಲೆ ಬಾಗಲೂರು ಕಡೆಯ ತಾತ ಒಬ್ಬರು ಬಂದರು. ತಣಿಸಂದ್ರದ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ವಾಚ್‌ಮನ್. ಮಷೀನು ಪೂರ್ತಿ ಕೆಟ್ಟುಹೋಗಿತ್ತು. “ಕಾರ್ನೋರು ಆರ್ನ್ ಒಡೆದ್ರೆ ಕೇಳಾಕಿಲ್ಲ ಕಣವ್ವ. ಒಂದ್ ವಾರ ರಜಾ ಕೊಟ್ಟವ್ರೆ. ಅದ್ರ ಮ್ಯಾಲಾದ್ರೆ ಬ್ಯಾರೇರ್ನ ಆಕ್ಕೊಂತಾರಂತೆ. ಬಿರ್‍ರನೆ ತರ್ಸಿಕೊಡವ್ವ,” ಅಂದರು. ಜೇಬಿನಿಂದ ಸೊಸೆಯ ನಂಬರು ಬರೆದ ಚೀಟಿ ತೆಗೆದುಕೊಟ್ಟು, “ಇದ್ಕೇ ಮಾಡು, ನಂದಕ್ ಮಾಡ್ಬ್ಯಾಡ,” ಅಂದರು. ನಾನು ಆಯಿತು ಅಂತ ತಲೆಯಾಡಿಸಿ, ಸಂಪರ್ಕದ ಖಾನೆಯಲ್ಲಿ ಆ ನಂಬರನ್ನು ಟೈಪ್ ಮಾಡಿದೆ. ಆ ಖಾನೆ ಪಟ್ಟಿಯಲ್ಲಿ ಕಾಣುವುದಿಲ್ಲ ಅನ್ನುವುದು ಆ ಗಳಿಗೆಗೆ ನೆನಪಾಗಲೇ ಇಲ್ಲ. ಮೇಲಿಂದ, ನಾವು ಫೋನ್ ಮಾಡುವತನಕ ಬರಬೇಡಿ ಅಂತ ದೊಡ್ಡ ಅಕ್ಷರದಲ್ಲಿ ಬರೆದೂ ಕೊಟ್ಟೆ. ಸುಮ್ಮನೆ ಬಂದು ಕಾಯುತ್ತ ಕೂರುವವರ ಕಾಟ ತಪ್ಪಲಿ ಅಂತ ಓನರ್ ಮಾಡಿದ್ದ ಪದ್ಧತಿ.

ಮಷೀನು ನಾಲ್ಕೇ ದಿನಕ್ಕೆ ಬಂತು. ನನ್ನ ಜೊತೆ ಫೋನ್ ಮಾಡಲು ಗದಗದ ಕಡೆಯ ಹೆಂಗಸೊಬ್ಬರು ಹೊಸದಾಗಿ ಸೇರಿದ್ದರು. ಹಾಳೆಯಲ್ಲಿದ್ದದ್ದು ತಾತನ ನಂಬರು, ಅದಕ್ಕೇ ಮಾಡಿದರು. “ಅಜ್ಜಾರು ಫೋನ್ ಎತ್ತವಲ್ರು ಅಕ್ಕಾರ,” ಅಂದರು. “ನಾಳೆ ಮಾಡಿ,” ಅಂದೆ, ತಲೆ ಕೂಡ ಎತ್ತದೆ. ಮೂರು ದಿನ ಮಾಡಿದರು. ಮೂರು ಸಲ ಎತ್ತದಿದ್ದರೆ ‘ಉತ್ತರವಿಲ್ಲ’ ಅಂತ ಗುರುತು ಹಾಕಬೇಕು, ಆಮೇಲೆ ಆ ಹೆಸರು ಪಟ್ಟಿಗೇ ಬರುವುದಿಲ್ಲ. ತಾತನ ಮಷೀನು ಕವರಿನೊಳಗೆ ನನ್ನ ಮೇಜಿನ ಡ್ರಾಯರಿನಲ್ಲೇ ಇತ್ತು. ದಿನಕ್ಕೆ ಹತ್ತು ಸಲ ಆ ಡ್ರಾಯರು ಎಳೆಯುತ್ತಿದ್ದೆ.

ಮಷೀನು ರಿಪೇರಿಗೆ ಕೊಟ್ಟು ಮೂರು ವಾರ ಕಳೆದ ಮೇಲೆ ತಾತ ಬಂದರು. ಕರೆಯದೆ ಬಂದದ್ದಕ್ಕೆ ನಾನು ಬೈಯುತ್ತೇನೇನೋ ಅನ್ನುವ ಅಂಜಿಕೆ ಮುಖದಲ್ಲಿ. “ತೆಪ್ಪು ತಿಳ್ಕಬ್ಯಾಡವ್ವ, ಫೋನ್ ಬರ್ನಿಲ್ಲ, ಆದ್ರೂ ಬಂದ್ಬುಟ್ಟೆ. ಸೊಸೆ ಫೋನ್ನ ಕೈಯಾಗೇ ಇಡ್ಕೊಂಡ್ ತಿರುಗ್ತಿದ್ಲು. ಕೆಲ್ಸ ಓಯ್ತು. ಗೇಟ್ನಾಗೆ ಬ್ಯಾರೇರು ಕುಂತವ್ರೆ.”

ಕ್ವೆರಿ ಹಾಕಿದೆ. ಹೆಸರಿಲ್ಲ. ಪೂರ್ತಿ ದಾಖಲೆ ತೆರೆದು ನೋಡಿದರೆ ನಾನೇ ಟೈಪ್ ಮಾಡಿದ ಸೊಸೆಯ ನಂಬರು, ಒಂದಂಕಿಯೂ ತಪ್ಪದೆ, ಅಲ್ಲೇ ಇತ್ತು. ಥೂ ನನ್ನ ಜನ್ಮಕ್ಕಿಷ್ಟು! ಓನರನ್ನು ಬೈದುಕೊಳ್ಳಲು ನೋಡಿದೆ, ಆ ಹೊತ್ತಿನಲ್ಲಿ ಅದೂ ಆಗಲಿಲ್ಲ. ಅಷ್ಟು ನಾಚಿಕೆಯಾಗಿತ್ತು.

ಕವರು ತೆಗೆದುಕೊಂಡು ಅವರ ಎದುರು ಕೂತೆ. ಮಷೀನಿಗೆ ಸೆಲ್ ಹಾಕುತ್ತಾ ಹೇಳಿದೆ: “ತಪ್ಪು ನಂದು ತಾತ. ಮಷೀನ್ ಬಂದು ಎರಡು ವಾರದ ಮೇಲಾಯ್ತು. ನಿಮ್ ಸೊಸೆ ನಂಬರ್ ಪಟ್ಟೀಲಿ ಕಾಣ್ದಂಗೆ ಮಾಡಿದ್ದು ನಾನೇ. ನಿಮ್ ಕೆಲ್ಸ ಹೋಗಿದ್ದು ನನ್ನಿಂದ.” ಒಂದನ್ನೂ ಬಿಡದೆ ಹೇಳಿದೆ. ತಾತ ನನ್ನ ಬಾಯನ್ನೇ ನೋಡುತ್ತಾ ಹೂಂ ಹೂಂ ಅಂತ ತಲೆಯಾಡಿಸುತ್ತಿದ್ದರು. ಅವರಿಗೆ ಕೇಳಿಸದು ಅಂತ ಗೊತ್ತಿದ್ದೇ ಅಷ್ಟೆಲ್ಲ ಹೇಳಿದೆನೇ? ಇವತ್ತಿಗೂ ಆ ಪ್ರಶ್ನೆಗೆ ನಾನು ನಿಜ ಹೇಳಿಕೊಂಡಿಲ್ಲ.

ಮಷೀನನ್ನು ಕಿವಿಗೆ ಕೂರಿಸಿದೆ. ಮೇಲೆ ತಿರುಗುತ್ತಿದ್ದ ಫ್ಯಾನಿನ ಸದ್ದಿಗೆ ತಾತ ತಲೆ ಎತ್ತಿ ನೋಡಿದರು, ಬೊಚ್ಚು ಬಾಯಿ ತುಂಬ ನಕ್ಕರು.

“ಈಗ್ ಕೇಳ್ತದೆ ಕಣವ್ವ. ಆಗ್ಲೇ ಏನೋ ಯೋಳ್ತಿದ್ಯಲ್ಲ, ಏನದು?”

“ಏನಿಲ್ಲ ತಾತ,” ಅಂದೆ. “ನೀರು ತಾಗಿಸ್ಬೇಡಿ ಅಂದೆ, ಅಷ್ಟೇ.”