ಪಿಲ್‌ಸುನ್ ಅಜ್ಜಿ ಚುಚ್ಚದ ಹೆಬ್ಬೆರಳು

ಮೊಕ್ಪೊ ಎಂಬ ಬಂದರು ಊರಿನ ಪೇಟೆಯಲ್ಲಿ ರಜಾಯಿ ಹೊಲಿಯುವ ಪಿಲ್‌ಸುನ್ ಅಜ್ಜಿಯ ಸೂಜಿಗೆ ಎರಡು ಕೆಲಸ. ಒಂದು ಹೊಲಿಗೆ. ಇನ್ನೊಂದು, ಅಜೀರ್ಣವಾಗಿ ಒದ್ದಾಡುವವರ ಹೆಬ್ಬೆರಳು ಚುಚ್ಚುವುದು. ತೋಳನ್ನು ಮೇಲಿಂದ ಕೆಳಕ್ಕೆ ನೀವಿ, ಬೆರಳಿಗೆ ದಾರ ಬಿಗಿದು, ಉಗುರಿನ ಬುಡಕ್ಕೆ ಒಂದು ಚುಚ್ಚು. ಕಪ್ಪು ರಕ್ತ ಒಂದು ಹನಿ ಬಂದರೆ ಸಾಕು, ಜನ ತೇಗಿ ಎದ್ದು ಹೋಗುತ್ತಿದ್ದರು. ನಲವತ್ತು ವರ್ಷದಲ್ಲಿ ಆ ಕೈ ಸೋತದ್ದಿಲ್ಲ. ಅದನ್ನು ಅಜ್ಜಿ ಹೇಳಿಕೊಳ್ಳದ ದಿನವೂ ಇಲ್ಲ.

ನರ್ಸಾಗಿದ್ದ ಮೊಮ್ಮಗಳು ಯುನ್‌ಸಲ್ ಮಾತ್ರ ನಗುತ್ತಿದ್ದಳು. "ಅದು ಕೆಟ್ಟ ರಕ್ತ ಅಲ್ಲಜ್ಜಿ. ಮೈಗೆಲ್ಲ ಉಸಿರು ಹಂಚಿ ವಾಪಸ್ ಹೃದಯಕ್ಕೆ ಹೊರಟಿರೋ ರಕ್ತ. ನೀನು ದಾರ ಕಟ್ಟಿ ಅಡ್ಡ ಹಾಕ್ತೀಯ, ನಿಂತಲ್ಲೇ ಕಪ್ಪಗಾಗತ್ತೆ. ಬೇಕಾದ್ರೆ ಉಗುರು ಒತ್ತಿ ಬಿಡು. ತಕ್ಷಣ ಕೆಂಪು ತುಂಬಿದ್ರೆ ಹೃದಯ ಸರಿಯಾಗಿ ತಳ್ತಿದೆ ಅಂತ."

"ಹಾಗಾದ್ರೆ ತೇಗು ಯಾಕೆ ಬರತ್ತೆ, ಹೇಳೇ ಪಂಡಿತೆ!" ಎಂದು ಅಜ್ಜಿ ಗದರಿದಳು. ಆದರೂ ಅಂದಿನಿಂದ ದಾರ ಕಟ್ಟುವ ಮುಂಚೆ ಉಗುರು ಒತ್ತಿ ನೋಡುವುದು ರೂಢಿಯಾಯಿತು.

ಒಂದು ಮಧ್ಯಾಹ್ನ ಮೀನಂಗಡಿಯ ಗ್ಯೂಹ್ವಾನ್ ಮದುವೆಮನೆಯಿಂದ ಎದೆ ಹಿಡಿದುಕೊಂಡು ಬಂದ. "ಅಕ್ಕಿ ಕಡುಬು ಇಲ್ಲೇ ಸಿಕ್ಕಿಕೊಂಡಿದೆ ಅಜ್ಜಿ, ಬೇಗ ಚುಚ್ಚು." ಹಿಂದೆ ಅರ್ಧ ಪೇಟೆಯೇ ನಿಂತಿತ್ತು.

ಅಜ್ಜಿ ಉಗುರು ಒತ್ತಿ ಬಿಟ್ಟಳು. ಬಿಳುಪು ಹೋಗಲಿಲ್ಲ. ಕೈ ತಣ್ಣಗೆ ಬೆವರಿತ್ತು, ನಾಡಿ ಎಡವುತ್ತಿತ್ತು.

"ಇದು ಹೊಟ್ಟೇದಲ್ಲ. ಆಂಬುಲೆನ್ಸ್ ಕರೀರಿ."

"ಅಜ್ಜಿ ಕೈ ನಡುಗೋಕೆ ಶುರುವಾಯ್ತು, ಅದಕ್ಕೆ ಈ ನೆಪ," ಎಂದು ತರಕಾರಿಯವಳು ಕುಟುಕಿದಳು. "ಒಂದು ಚುಚ್ಚು ಚುಚ್ಚೋಕೇನು ರೋಗ?"

ಅಜ್ಜಿಗೆ ಮೈಯೆಲ್ಲ ಉರಿಯಿತು. ನಲವತ್ತು ವರ್ಷದ ಹೆಸರು! ಆದರೆ ಚುಚ್ಚಿದರೆ ಇವನು ಸಮಾಧಾನವಾಗಿ ಮನೆಗೆ ಹೋಗಿ ಮಲಗುತ್ತಾನೆ, ಆಮೇಲೆ ಏಳುವುದಿಲ್ಲ. ಸೂಜಿಯನ್ನು ರಜಾಯಿಗೆ ಸಿಕ್ಕಿಸಿ, "ನಡುಗಿದ್ರೆ ನಡುಗಲಿ, ನೀನು ಫೋನ್ ತೆಗಿಯೇ!" ಎಂದು ಅಬ್ಬರಿಸಿದಳು.

ಆಸ್ಪತ್ರೆಯಲ್ಲಿ ನೋಡಿದರೆ, ಮೈಗೆಲ್ಲ ರಕ್ತ ಕಳಿಸುವ ಹೃದಯಕ್ಕೇ ರಕ್ತ ಉಣಿಸುವ ಸಣ್ಣ ನಾಳ ಕಟ್ಟಿಕೊಂಡಿತ್ತಂತೆ. ಇನ್ನೊಂದು ಗಂಟೆ ತಡವಾಗಿದ್ದರೆ ಆತ ಉಳಿಯುತ್ತಿರಲಿಲ್ಲ. "ನನ್ನಜ್ಜಿ ಪತ್ತೆ ಹಚ್ಚಿದ್ದು ಅಂತ ವಾರ್ಡಿಗೆಲ್ಲ ಹೇಳ್ಕೊಂಡು ಬಂದೆ," ಎಂದು ಯುನ್‌ಸಲ್ ಫೋನಿನಲ್ಲಿ ಅತ್ತಳು.

ಮೂರು ವಾರದ ಮೇಲೆ ಗ್ಯೂಹ್ವಾನ್ ಅಂಗಡಿಗೆ ಬಂದು ಹೆಬ್ಬೆರಳು ಚಾಚಿದ. ಅಜ್ಜಿ ಒತ್ತಿ ಬಿಟ್ಟಳು. ಕೆಂಪು ಓಡಿ ಬಂತು. ತರಕಾರಿಯವಳಿಗೂ ಕಾಣಲೆಂದು ಆ ಬೆರಳನ್ನು ಎತ್ತಿ ಹಿಡಿದು, ಇಡೀ ಪೇಟೆಗೆ ಕೇಳುವಂತೆ ಹೇಳಿದಳು: "ನೋಡಿ, ಇವನನ್ನ ನಾನು ಚುಚ್ಚಲಿಲ್ಲ!"