ಹೊಸ ಫೋನು ಮತ್ತು ಮುನೀರೋದ್ದೀನರು
ಭಾಲ್ಕಿ ಬಸ್ ಸ್ಟ್ಯಾಂಡ್ ಎದುರು ಮೊಬೈಲ್ ಅಂಗಡಿ ಇಟ್ಟಿರುವ ಮುನೀರೋದ್ದೀನರಿಗೆ ಯಾವ ಹೊಸ ಫೋನಿನ ಅಬ್ಬರವೂ ನಾಟುವುದಿಲ್ಲ. ಬೀದರಿನ ಗೋಡೆಗಳ ತುಂಬ ಜಾಹೀರಾತು ಬಿದ್ದರೂ, ಔರಾದಿನಿಂದ ಗಿರಾಕಿಗಳು ಹುಡುಕಿಕೊಂಡು ಬಂದರೂ "ನೋಡೂಣ್ರಿ" ಎಂದು ಚಹಾ ತರಿಸುತ್ತಾರೆ. ಈ ಸಲ ಸಾಲಿ ಮಾಸ್ತರ ಕಾಶೀರಾಮ ಬಿಡಲಿಲ್ಲ. "ಎಲ್ಲಾ ಕಡೆ ಇದರದೇ ಮಾತು ಅದ. ನಡಿತದೋ ಇಲ್ಲೋ, ಹೇಳ್ರಿ." ಹೊಸ ಮಾಲು ಬಂದಾಗಲೆಲ್ಲ ಮಾಡುವಂತೆ ಮುನೀರೋದ್ದೀನರು ಫೋನನ್ನು ಕೌಂಟರಿನ ಮೇಲೆ ಆನಿಸಿ ನಿಲ್ಲಿಸಿ, ಮನೆಗೆ ವಿಡಿಯೊ ಕಾಲ್ ಹಚ್ಚಿದರು. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ಹೆಂಡತಿ ತಸ್ಲೀಮ ಕೈಸನ್ನೆಯಲ್ಲೇ ಅಡುಗೆಯಿಂದ ನೆರೆಮನೆಯ ಜಗಳದವರೆಗೆ ಸರಸರ ಹೇಳತೊಡಗಿದರು. ಹಳೆಯ ಫೋನಿನಲ್ಲಿ ಆ ಬೆರಳುಗಳು ಮಸುಕಾಗಿ ಅರ್ಧ ಮಾತು ಕಳೆದುಹೋಗುತ್ತಿತ್ತು. ಮುನೀರೋದ್ದೀನರು ಎರಡೂ ಕೈಯಿಂದ ಉತ್ತರ ಕೊಡುತ್ತ, ಮಾಸ್ತರರ ಕಡೆ ತಿರುಗದೆಯೇ ಹೇಳಿದರು: "ನಡಿತದ್ರಿ. ಒಂದೊಂದು ಬೆರಳೂ ಸಾಫ್ ಕಾಣ್ತದ."